ನೀನು ಕಳಿಸಿದ ಪುಸ್ತಕಗಳ ಬಗ್ಗೆ

ಬೆಳಕವಾಡಿ
೧೪ ಜುಲೈ ೨೦೨೪, ಭಾನುವಾರ

ಪ್ರೀತಿಯ ವೀಣ,

ನಿನ್ನತ್ತಿಗೆಯ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿನಗೆ ಆ ಸುಳ್ಳು ಬರೆಯುವುದು ಬೇಡ ಅನಿಸಿ ಬಿಟ್ಟಿದ್ದೇನೆ. ಮಳವಳ್ಳಿ ಬಸ್ ಸ್ಟ್ಯಾಂಡಿನ ಮಹದೇವು ಅಂಗಡಿಗೆ ನೀನು ಕೊಟ್ಟು ಕಳಿಸಿದ ಪುಸ್ತಕದ ಕಟ್ಟು ಹೋದ ತಿಂಗಳೇ ಕೈ ಸೇರಿತು. ಎಂದಿನ ಹಾಗೆ ಒಳಗೊಂದು ಚೀಟಿ. ಅತ್ತಿಗೆ, ಓದಿ ಹೇಗಿವೆ ಹೇಳಿ ಅಂತ ಒಂದೇ ಸಾಲು. ನಿಮ್ಮಣ್ಣ ಹೇಗಿದ್ದಾರೆ ಅಂತ ಕೇಳಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಓದಿ ಮುಗಿಸಿದ ಪುಸ್ತಕಗಳ ಜೊತೆಗೆ ಈ ಕಾಗದ ಇಟ್ಟು ಕಳಿಸುತ್ತಿದ್ದೇನೆ. ಪುಸ್ತಕ ಹೇಗಿವೆ ಅಂತ ಕೇಳಿದ್ದೀಯಲ್ಲ, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಇವನ್ನೆಲ್ಲ ಎಲ್ಲಿ ಕೂತು ಓದುತ್ತೇನೆ ಅಂತ ನಿನಗೆ ಗೊತ್ತು. ಸೋಮವಾರ, ಗುರುವಾರ ಮಂಡ್ಯದ ಆಸ್ಪತ್ರೆಯಲ್ಲಿ ನಿಮ್ಮಣ್ಣನಿಗೆ ಡಯಾಲಿಸಿಸ್. ಮೈಯ ರಕ್ತವೆಲ್ಲ ಮೆಷಿನ್ನಿಗೆ ಹೋಗಿ ಶುದ್ಧವಾಗಿ ವಾಪಸ್ಸು ಬರುವ ತನಕ ಸೂಜಿ ಚುಚ್ಚಿದ ಕೈ ಅಲ್ಲಾಡಿಸುವಂತಿಲ್ಲ. ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಪುಟ ತಿರುಗಿಸೋಣವೆಂದರೆ ಈಚೆಗೆ ಅಕ್ಷರ ಮಂಜುಮಂಜಾಗಿ ಕಾಣುತ್ತವಂತೆ. ಹಾಗಾಗಿ ನಾನೇ ಪಕ್ಕದ ಸ್ಟೂಲಿನ ಮೇಲೆ ಕೂತು ಓದುತ್ತೇನೆ. ಮೊದಮೊದಲು ನಾಚಿಕೆಯಾಗಿ ಪಿಸುಪಿಸು ಓದುತ್ತಿದ್ದೆ. ಈಗ ಪಕ್ಕದ ಮಂಚದ ಕೆಂಪಸಿದ್ದಯ್ಯನವರೂ ಕೇಳುತ್ತಾರೆ. ಪೂರಿಗಾಲಿಯ ಬೇಸಾಯಗಾರರು, ವಯಸ್ಸಾದವರು. ನಾನು ದನಿ ತಗ್ಗಿಸಿದರೆ, ನಾನೂ ಅಷ್ಟು ದೂರದಿಂದ ಬಂದಿರೋನೇ ಕಣಮ್ಮ, ಗಟ್ಟಿಯಾಗಿ ಓದು ಅನ್ನುತ್ತಾರೆ.

ಮೊದಲನೆಯದು ಪತ್ತೇದಾರಿ. ಬೆಟ್ಟದ ಮೇಲಿನ ಲಾಡ್ಜಿನಲ್ಲಿ ವಕೀಲನೊಬ್ಬ ಸಾಯುತ್ತಾನಲ್ಲ, ಅದು. ಚೆನ್ನಾಗಿದೆ. ಆದರೆ ನನ್ನದೊಂದು ತಕರಾರು. ಮಹಡಿಯ ಮೇಲೆ ಹೆಣ ಬಿದ್ದಿರುವಾಗ ಕೆಳಗೆ ಎಲ್ಲರೂ ಕಾಫಿ ಕುಡಿಯುತ್ತ ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ. ಅಷ್ಟು ಸಲ ಕಾಫಿ ಕಾಯಿಸಿದವರು ಯಾರು, ಲೋಟ ತೊಳೆದವರು ಯಾರು ಅಂತ ಬರೆದವರು ಎಲ್ಲೂ ಹೇಳಿಲ್ಲ. ಕೊನೆಗೆ ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಯಾರು ಯಾರು ಏನೇನು ಮುಚ್ಚಿಟ್ಟಿದ್ದಾರೆ ಅಂತ ಬಿಚ್ಚುತ್ತಾನೆ. ಓದುವಾಗ ಅಂದುಕೊಂಡೆ, ನಮ್ಮ ಮನೆಗಳಲ್ಲಿ ಹೀಗೆ ಮಾಡಿದರೆ ಮಾರನೆ ದಿನ ಒಬ್ಬರ ಮನೆಗೆ ಒಬ್ಬರು ಹೋಗುವುದು ಹೇಗೆ? ನಿಮ್ಮಣ್ಣ ಅರ್ಧ ಪುಸ್ತಕಕ್ಕೇ ಕೊಲೆಗಾರನನ್ನು ಹೇಳಿಬಿಟ್ಟರು. ನಾನು ಗೊತ್ತಿಲ್ಲದವಳ ಹಾಗೆ ಓದುತ್ತ ಹೋದೆ. ಲೈನ್‌ಮನ್ ಕೆಲಸದಲ್ಲಿದ್ದಾಗ ರಾತ್ರಿ ಪಾಳಿಯೆಲ್ಲ ಇವನ್ನೇ ಓದಿದ ಮನುಷ್ಯ, ಸುಲಭಕ್ಕೆ ಮೋಸಹೋಗುವುದಿಲ್ಲ.

ಇನ್ನೊಂದು ಪ್ರೇಮದ್ದು, ದಪ್ಪಗಿನದು. ಹುಡುಗಿ ಟೀಚರು, ಹುಡುಗ ಸಕ್ಕರೆ ಕಾರ್ಖಾನೆ ಮಾಲೀಕರ ಮಗ. ನಮ್ಮ ಕಡೆ ಸಕ್ಕರೆ ಕಾರ್ಖಾನೆ ಕಂಡವರಾರೂ ಆ ಹುಡುಗನ ಬಿಳಿ ಶರಟನ್ನು ನಂಬಲಾರರು, ಹೋಗಲಿ ಬಿಡು. ಅವನಿಗೆ ನಡುವೆ ಒಮ್ಮೆ ಜ್ವರ ಬರುತ್ತದೆ. ಅವಳು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾಳೆ. ಬೆಳಗಾಗುವುದರೊಳಗೆ ಜ್ವರ ಇಳಿದು ಪ್ರೀತಿ ಹುಟ್ಟಿರುತ್ತದೆ. ಈ ಕಾದಂಬರಿಗಳಲ್ಲಿ ಯಾರಿಗೂ ಒಂದು ಅಧ್ಯಾಯಕ್ಕಿಂತ ಹೆಚ್ಚು ಕಾಯಿಲೆ ಇರುವುದಿಲ್ಲ ಗಮನಿಸಿದ್ದೀಯಾ? ಒಂದೋ ವಾಸಿಯಾಗುತ್ತಾರೆ, ಇಲ್ಲ ಕಥೆಗೆ ಬೇಕಾದಾಗ ಸಾಯುತ್ತಾರೆ. ವರ್ಷಗಟ್ಟಲೆ ಬಸ್ಸು ಹತ್ತಿ ಇಳಿಯುವವರು ಇಲ್ಲವೇ ಇಲ್ಲ. ನಿಮ್ಮಣ್ಣನಿಗೆ ದಿನಕ್ಕೆ ಅಳತೆ ಮಾಡಿ ನೀರು ಕೊಡಬೇಕು. ಅದಕ್ಕೇ ಅವರೆದುರು ನಾನು ನೀರು ಕುಡಿಯುವುದಿಲ್ಲ, ಏನೋ ನೆಪ ಹೇಳಿ ವಾರ್ಡಿನ ಆಚೆ ಹೋಗಿ ಕುಡಿದು ಬಾಯಿ ಒರೆಸಿಕೊಂಡು ಬರುತ್ತೇನೆ. ನಮ್ಮ ಸಂಸಾರದ ಪ್ರೇಮಕಥೆ ಇಷ್ಟೇ.

ಆ ಪುಸ್ತಕದಲ್ಲಿ ಹುಡುಗ ಏನೋ ತಪ್ಪು ತಿಳಿದು ಹುಡುಗಿಯನ್ನು ಬಿಟ್ಟು ಹೋಗುತ್ತಾನೆ. ಮುಂದೆ ಪುಸ್ತಕದ ಅರ್ಧ ಬರೀ ನಿಟ್ಟುಸಿರು. ನಿಮ್ಮಣ್ಣ ನಿದ್ದೆ ಹೋದರು. ಕೆಂಪಸಿದ್ದಯ್ಯನವರಿಗೆ ಮಾತ್ರ ತಡೆಯಲಾಗಲಿಲ್ಲ. "ಒಂದ್ಸಲ ಓಗಿ ಎದುರ್ಗೆ ನಿಂತ್ಕಂಡು ಕೇಳಕ್ಕೆ ಇವುಕ್ಕೇನಮ್ಮ ಬಂದಿರಾದು? ಕಾಲಿಲ್ವಾ, ಬಾಯಿಲ್ವಾ?" ಅಂದರು. ನರ್ಸಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ನಿನ್ನ ನೆನಪಾಯಿತು. ಅಲ್ಲಿಗೆ ಪುಸ್ತಕದ ಮಾತು ಸಾಕು.

ಹೋದ ದೀಪಾವಳಿಗೆ ಮುಂಚೆ ನೀನಾಗಿ ನೀನೇ ಮದ್ದೂರು ಪಕ್ಕದ ನಿಮ್ಮ ವೈದ್ಯನಾಥಪುರದಿಂದ ಓಡಿ ಬಂದು, ಅಣ್ಣನಿಗೆ ನನ್ನ ಕಿಡ್ನಿ ಕೊಡುತ್ತೇನೆ ಅಂದೆ. ನಾವು ಕೇಳಿರಲಿಲ್ಲ. ನನಗೆ ಸಕ್ಕರೆ ಕಾಯಿಲೆ, ನನ್ನದು ಆಗದು ಅಂದಿದ್ದರು, ನಮಗೆ ಮಕ್ಕಳಿಲ್ಲ. ನಿನ್ನ ಮಾತು ಕೇಳಿ ಆ ದಿನ ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಎಲ್ಲ ಪರೀಕ್ಷೆ ಆಯಿತು, ಎಲ್ಲವೂ ಹೊಂದಿತು. ಆಮೇಲೆ ಒಂದು ದಿನ ಫೋನು ಮಾಡಿ, ಅತ್ತಿಗೆ ನನ್ನ ಕೈಲಾಗಲ್ಲ ಅಂದೆ. ಇಬ್ಬರು ಹೆಣ್ಣುಮಕ್ಕಳ ತಾಯಿ, ಹೊಟ್ಟೆ ಕುಯ್ಯಿಸಿಕೊಂಡು ಕೂತರೆ ನಾಳೆ ಯಾರು ದಿಕ್ಕು ಅಂತ ನಿಮ್ಮತ್ತೆ ಸಣ್ಣತಾಯಮ್ಮ ಕೂಗಾಡಿದರು ಅಂದೆ. ನಾನು ಏನಾದರೂ ಹೇಳುವ ಮೊದಲೇ ನೀನು ಫೋನಿಟ್ಟೆ.

ನಿಮ್ಮಣ್ಣನಿಗೆ ನಾನು ಅದನ್ನು ಹೇಳಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ನಿನ್ನದು ಅವರಿಗೆ ಹೊಂದಲಿಲ್ಲವಂತೆ ಅಂದುಬಿಟ್ಟೆ. ಡಾಕ್ಟರಿಗೂ, ಅವರ ಕಿವಿಗೆ ನಿಜ ಬೀಳುವುದು ಬೇಡ ಅಂತ ಕೈಮುಗಿದು ಕೇಳಿಕೊಂಡೆ. ನಿಮ್ಮಣ್ಣ ನನ್ನ ಮುಖ ನೋಡಿ, ಆಯ್ತು ಬುಡು ಅಂದು ಗೋಡೆ ಕಡೆ ತಿರುಗಿ ಮಲಗಿದರು. ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ಆ ಸುಳ್ಳನ್ನು ಕಾಯ್ದುಕೊಂಡು ಬಂದಿದ್ದೇನೆ. ವೀಣ ಯಾಕೆ ಬರುತ್ತಿಲ್ಲ ಅಂದರೆ, ಮಕ್ಕಳ ಪರೀಕ್ಷೆ ಅಂತೀನಿ, ಅತ್ತೆಗೆ ಮಂಡಿನೋವು ಅಂತೀನಿ. ಸಣ್ಣತಾಯಮ್ಮನ ಮಂಡಿ ಪಾಪ, ನನ್ನಿಂದ ಎಷ್ಟು ಸಲ ನೊಂದಿದೆಯೋ.

ನಿನ್ನ ಮೇಲೆ ಸಿಟ್ಟಿತ್ತಾ ಅಂದರೆ, ಇತ್ತು. ಮಂಡ್ಯಕ್ಕೆ ಹೋಗುವ ನಮ್ಮ ಬಸ್ಸು ಮದ್ದೂರಿನಲ್ಲಿ ನಿಂತಾಗಲೆಲ್ಲ, ಇಳಿದು ನಿನ್ನ ಮನೆ ಬಾಗಿಲಿಗೆ ಬಂದು ಊರು ಸೇರುವ ಹಾಗೆ ಬಯ್ಯಬೇಕು ಅನಿಸುತ್ತಿತ್ತು. ಕೊಡಲ್ಲ ಅಂದಿದ್ದಕ್ಕಲ್ಲ. ಕೊಡ್ತೀನಿ ಅಂದು ಆಸೆ ಹುಟ್ಟಿಸಿದ್ದಕ್ಕೆ. ಆದರೆ ಸಿಟ್ಟು ಇಟ್ಟುಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕು ವೀಣ. ಬೆಳಿಗ್ಗೆ ಎದ್ದು ಉಪ್ಪಿಲ್ಲದ ಅಡುಗೆ ಮಾಡಿ, ಅವರನ್ನು ಬಸ್ಸು ಹತ್ತಿಸಿ, ಇಳಿಸಿ, ಸಂಜೆ ಮತ್ತೆ ಹತ್ತಿಸಿ, ಮನೆಗೆ ಬಂದು ಚಾಪೆ ಹಾಸುವ ಹೊತ್ತಿಗೆ ಯಾರ ಮೇಲೆ ಯಾಕೆ ಸಿಟ್ಟು ಅನ್ನುವುದೇ ಮರೆತುಹೋಗುತ್ತದೆ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿಮ್ಮತ್ತೆ ಕೂಗಾಡಿದ್ದು ನಿಜವೇ ಇರಬಹುದು. ಆದರೆ ಹೆದರಿಕೆ ನಿನ್ನದೂ ಇತ್ತು ಅಂತ ನನಗನಿಸುತ್ತದೆ. ಅತ್ತೆಯ ಮಾತಿನ ಹಿಂದೆ ನೀನು ಅದನ್ನು ಮುಚ್ಚಿಟ್ಟೆ. ಹೆದರಿದ್ದು ತಪ್ಪಲ್ಲ. ಮೈ ನಿನ್ನದು. ನಾನು ನಿನ್ನ ಜಾಗದಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ನನಗೂ ಗೊತ್ತಿಲ್ಲ. ಆದರೆ ಅದಕ್ಕಾಗಿ ಅಣ್ಣನ ಮುಖವನ್ನೇ ನೋಡದೆ, ಪುಸ್ತಕ ಕಟ್ಟಿ ಕಟ್ಟಿ ಕಳಿಸುವುದಿದೆಯಲ್ಲ, ಅದು ತಪ್ಪು. ಚಿಕ್ಕವಳಿದ್ದಾಗ ನೀನು ಅವರ ತೊಡೆ ಮೇಲೆ ತಲೆ ಇಟ್ಟುಕೊಂಡು ಇಂಥವೇ ಕಥೆ ಕೇಳುತ್ತಿದ್ದೆಯಂತೆ. ಈಗ ನೀನು ಪುಸ್ತಕ ಕಳಿಸಿದಾಗಲೆಲ್ಲ ಮೊದಲು ಅದನ್ನು ಕೈಗೆ ತಗೊಂಡು ಮೂಸುತ್ತಾರೆ. ಆಮೇಲೆ ನನಗೆ ಕೊಡುತ್ತಾರೆ.

ಈಗ ನಿನಗೆ ಹೇಳಲೇಬೇಕಾದ ವಿಷಯ. ಹೋದ ತಿಂಗಳು ಡಾಕ್ಟರು ನನ್ನನ್ನು ಒಬ್ಬಳನ್ನೇ ಕರೆದು ಕೂರಿಸಿದರು. ಹೃದಯ ತೀರ ಸೋತಿದೆಯಂತೆ. ಇನ್ನು ಯಾರ ಕಿಡ್ನಿ ಸಿಕ್ಕರೂ ಆಪರೇಷನ್ ಮಾಡುವ ಹಾಗಿಲ್ಲವಂತೆ. ಮೆಷಿನ್ನು ನಡೆಸಿದಷ್ಟು ದಿನ. ಹಾಗಾಗಿ ನೀನು ಬಂದರೆ ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ, ಕೇಳಲು ಏನೂ ಉಳಿದಿಲ್ಲ. ನಿನ್ನ ಮೇಲೆ ಹೊರೆ ಹಾಕಲಿಕ್ಕೆ ಇದನ್ನು ಬರೆಯುತ್ತಿಲ್ಲ. ಆಗ ಕೊಟ್ಟಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು? ಆದರೆ ದಿನ ಕಡಿಮೆ ಇದೆ. ಅಷ್ಟರೊಳಗೆ ನೀನು ಬರದೇ ಹೋದರೆ, ಆಮೇಲೆ ಬಂದು ಅಳುವುದನ್ನು ನಾನು ನೋಡಲಾರೆ.

ಬಾ. ಬಂದು ಆ ಸ್ಟೂಲಿನ ಮೇಲೆ ಕೂತು ನೀನು ಓದು. ನನ್ನ ಗಂಟಲು ಕಟ್ಟಿಹೋಗಿದೆ. ಒಂದು ದಿನವಾದರೂ ಇನ್ನೊಬ್ಬರು ಓದುತ್ತಿದ್ದರೆ ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಬೇಕು ಅನಿಸಿದೆ. ಹೆದರಬೇಡ, ಅವರಿಗೆ ಏನೂ ಗೊತ್ತಿಲ್ಲ. ಹೊಂದಲಿಲ್ಲ ಅಂತಲೇ ನಂಬಿದ್ದಾರೆ. ನೀನೂ ಅಷ್ಟನ್ನೇ ಹೇಳು. ನಾವಿಬ್ಬರೂ ಒಂದೇ ಮಾತು ಆಡಿದರೆ ಸಾಕು.

ಇಂತಿ,
ಸುಸ್ತಾಗಿರುವ ನಿನ್ನತ್ತಿಗೆ
ಶಶಿರೇಖಾ

ತಾ.ಕ. ಸೋಮವಾರ ಸಂಜೆ. ಪುಸ್ತಕದ ಕಟ್ಟನ್ನು ಇವತ್ತೇ ಮಹದೇವು ಅಂಗಡಿಯಲ್ಲಿ ಕೊಡಬೇಕೆಂದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಕೊಡದೆ ವಾಪಸ್ಸು ತಂದೆ, ಇಷ್ಟನ್ನು ಸೇರಿಸಬೇಕಿತ್ತು. ನಾಳೆ ಬೆಳಿಗ್ಗೆಯೇ ಹೋಗಿ ಕೊಟ್ಟು ಬರುತ್ತೇನೆ. ಮಂಡ್ಯದಿಂದ ಬರುವಾಗ ಬಸ್ಸು ಮದ್ದೂರಿನಲ್ಲಿ ನಿಂತಿತ್ತು. ಜನ ಇಳಿದು ಹತ್ತುತ್ತಿದ್ದರು. ವೀಣಳಿಗೆ ಕಾಗದ ಬರೆದಿದ್ದೇನೆ, ಬರಬಹುದು ಅಂದೆ. ನಿಮ್ಮಣ್ಣ ಕಿಟಕಿಯಿಂದ ಆಚೆ ನೋಡುತ್ತಲೇ ಹೇಳಿದರು. "ಹೊಂದ್ನಿಲ್ಲ ಅಂತ ಆಗಿದ್ರೆ ಅದು ಅವತ್ತೇ ಅಳ್ತಾ ಓಡ್ ಬತ್ತಿತ್ತು ಕಣಮ್ಮಿ. ಕೊಡಕಾಗ್ನಿಲ್ಲ ಅಂತ್ಲೇ ಮೊಕ ತೋರಿಸ್ದೆ ಕುಂತದೆ. ನಂಗೆ ಆಗ್ಲೇ ಗೊತ್ತಾಯ್ತು." ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂದರೆ, ನಾನು ಆ ಸುಳ್ಳನ್ನು ಅಷ್ಟು ಕಷ್ಟಪಟ್ಟು ಕಾಯುತ್ತಿದ್ದೆನಲ್ಲ, ಅದಕ್ಕೆ ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಂಗೊತ್ತು ಅಂತ ವೀಣಂಗೆ ಯೋಳ್ಬ್ಯಾಡ. ಏನೂ ಗೊತ್ತಿಲ್ದೋನಂಗೆ ಇರ್ತೀನಿ. ಬಂದು ಕುಂತ್ಕಳ್ಳಲಿ ಸಾಕು" ಅಂದರು.

ನಾನು ಆಯಿತು ಅಂದೆ. ಆದರೂ ನಿನಗೆ ಹೇಳುತ್ತಿದ್ದೇನೆ. ಮೂವರೂ ಗೊತ್ತಿಲ್ಲದವರ ಹಾಗೆ ಕೂತು ಕಥೆ ಓದಿಕೊಂಡಿರುವುದು ಇನ್ನು ನನ್ನ ಕೈಲಾಗದು. ಅವರಿಗೆ ಗೊತ್ತಿದೆ ಅಂತ ತಿಳಿದುಕೊಂಡೇ ಬಾ. ಗುರುವಾರ ಬೆಳಿಗ್ಗೆ ಮದ್ದೂರಿನಲ್ಲಿ ಬಸ್ಸು ನಿಂತಾಗ ಅವರ ಪಕ್ಕದ ಸೀಟು ಖಾಲಿ ಇರುತ್ತದೆ. ನಾನು ಹಿಂದೆ ಕೂತಿರುತ್ತೇನೆ.