ಎಣ್ಣಿ ಹಚ್ಚಿ ಜಗ್ಗಿಸಿಕೊಂಡ ಮೊಣಕೈ

ಸಂಘಮಿತ್ರಾನ ಅಪ್ಪಾರ,

ಇಂಡಿ ಬಸ್ಸು ಬರೂ ಹೊತ್ತಾತು, ನಿಂತಕೊಂಡೇ ಬರಿಯಾಕತ್ತೇನಿ. ನಿನ್ನೆ ನೀವು ಹೊರ್ತಿ ಊರಿಗೆ ಎಲುಬು ಕೂಡಸಾಂವನ ಕಡೆ ಹೋಗಿ ಬಲಗೈ ಮೊಣಕೈ ತಿಕ್ಕಿಸಿ, ಜಗ್ಗಿಸಿಕೊಂಡು ಬಂದದ್ದು ನನಗ ಗೊತ್ತಾಗೇತಿ. ಟಾವೆಲ್ ಎಣ್ಣಿ ನಾತ ಹೊಡ್ಯಾಕತ್ತೈತಿ. ಪ್ಲಾಸ್ಟರ್ ಬಿಚ್ಚಿ ಎಂಟು ದಿನ ಆಗಿಲ್ಲ, ಮತ್ತ ಬಾವು ಬಂದೈತಿ!

ಡಾಕ್ಟರ್ ಏನಂದಿದ್ರು? ಮೊಣಕೈ ಅಂದ್ರ ಬಾಗಿಲದ ಬಿಜಾಗ್ರಿಯಂಗ ಬರೇ ಮಡಚೂದಲ್ಲ, ಅಂಗೈ ತಿರುಗಿಸೂದೂ ಅಲ್ಲಿಂದನೇ. ಮಂದಿ ಕೈಲೆ ಜಗ್ಗಿಸಿದ್ರ ಇನ್ನಷ್ಟು ಬಿಗೀತೈತಿ ಅಂದಿದ್ರೋ ಇಲ್ಲೋ?

ಫ್ರಿಜ್ಜಿನಾಗ ಐಸ್ ಐತಿ, ಅರಿವಿ ಸುತ್ತಿ ಇಟ್ಟುಕೋರಿ. ಇವತ್ತು ಕೈಗೆ ಜೋರು ಮಾಡಬ್ಯಾಡ್ರಿ. ಸಂಜಿ ಐದಕ್ಕ ತಯಾರಿರ್ರಿ, ಡಾಕ್ಟರಿಗೆ ತೋರಸೂಣು. ಎಣ್ಣಿ ಬಾಟ್ಲಿ ನಾ ಒಯ್ದೇನಿ, ಹುಡುಕಬ್ಯಾಡ್ರಿ.

ಯಾಕ ಹೋಗಿದ್ರಿ ಅನ್ನೂದೂ ಗೊತ್ತೈತಿ. ಐತವಾರ ನನ್ನ ತಮ್ಮನ ಮದುವ್ಯಾಗ ಬೀಗರ ಮುಂದ ಎಡಗೈಲೆ ಉಣ್ಣಾಕ ನಿಮಗ ನಾಚಿಕಿ. ನಿಶ್ಚಯದ ದಿನಾನೂ ಹೊಟ್ಟಿ ಸರಿ ಇಲ್ಲಂತ ಹೇಳಿ ಉಪಾಸ ಬಂದ್ರಿ.

ಈ ಸಲ ಗಂಡಸರ ಪಂಗ್ತ್ಯಾಗ ನಿಮ್ಮ ಮಗ್ಗಲಕ ನಾನೂ ಕುಂದ್ರತೇನಿ. ತುತ್ತು ನಾನೇ ಮಾಡಿ ಹಾಕ್ತೇನಿ. ನಗೂ ಮಂದಿ ನನ್ನ ಮಾರಿ ನೋಡಿ ನಗಲಿ.

ರಾಜಶ್ರೀ