ಮಾತಿಲ್ಲದ ಸಂಗೀತಕ್ಕೆ ಬೀಗ ಜಡಿದವರಿಗೆ

ಸಾಂಸ್ಕೃತಿಕ ಪರವಾನಗಿ ವಿಭಾಗದ ಮಾನ್ಯ ಅಧಿಕಾರಿಗಳೇ,

ಹಾಸಿಗೆ ಅಂಗಡಿಯ ನೆಲಮಾಳಿಗೆಗೆ ತಾವು ಬೀಗ ಜಡಿಸಿದ್ದೀರಿ. ಭಾನುವಾರ ಮಧ್ಯಾಹ್ನ ನಾವು ಕೆಲವರು ಅಲ್ಲಿ ಸೇರಿ ಡಾರ್ಕ್ ಟೆಕ್ನೋ ಎಂಬ, ಯಂತ್ರದಿಂದ ಹೊಮ್ಮುವ ಬರೀ ತಾಳದ ಸಂಗೀತಕ್ಕೆ ಕುಣಿಯುತ್ತಿದ್ದೆವು. ಈಗ ಕುಣಿತ ನಿಂತಿದೆ, ನನ್ನ ಸಿಟ್ಟು ನಿಂತಿಲ್ಲ. ಅದಕ್ಕೇ ಈ ಪತ್ರ, ಅದೂ ನಾಲ್ಕು ಜನ ಓದುವ ಹಾಗೆ.

ಗದ್ದಲವೆಂದು ಯಾರಾದರೂ ದೂರಿದ್ದರೇ? ಇಲ್ಲ. ಗೋಡೆಗೆಲ್ಲ ಹಾಸಿಗೆ ಒರಗಿಸಿದ್ದರಿಂದ ಮೇಲೆ ಕೂತ ಅಂಗಡಿಯವರಿಗೇ ಸದ್ದು ಕೇಳುತ್ತಿರಲಿಲ್ಲ. ತಮ್ಮ ತಕರಾರು ಬೇರೆಯೇ: ಹಾಡಿನ ಸಾಹಿತ್ಯ ಸಲ್ಲಿಸಿಲ್ಲವಂತೆ! ಅಲ್ಲಿ ಸಂಗೀತ ನುಡಿಸುವವಳು ನನ್ನ ಅಣ್ಣನ ಮಗಳು. ವಾರವೆಲ್ಲ ಲಿಫ್ಟ್ ರಿಪೇರಿ ಮಾಡುತ್ತಾಳೆ. ತಮ್ಮ ಮೇಜಿನ ಮುಂದೆ ನಿಂತು, "ಸರ್, ಇದ್ರಲ್ಲಿ ಮಾತೇ ಇಲ್ಲ" ಎಂದಳು.

"ಮಾತಿಲ್ದಿದ್ರೆ ಅದು ಏನ್ ಹೇಳ್ತಿದೆ ಅಂತ ನಮಗೆ ಹೇಗಮ್ಮ ಗೊತ್ತಾಗ್ಬೇಕು? ಹೆಸರಲ್ಲೇ ಕತ್ತಲೆ ಬೇರೆ ಇದೆ" ಎಂದಿರಿ.

ಭೇಷ್! ನಾಳೆ ಗುಡುಗಿಗೂ ಸಾಹಿತ್ಯ ಕೇಳುವಿರಾ? ತಮ್ಮ ತಲೆಯ ಮೇಲೆ ಕಟಕಟ ಅನ್ನುತ್ತಿದ್ದ ಫ್ಯಾನು ಯಾರ ಅನುಮತಿ ಪಡೆದಿತ್ತು? ಆದರೂ ಕಾನೂನಿಗೆ ಎದುರಾಡಬಾರದೆಂದು ನಾನೇ ಕೂತು ಬರೆದು ಕೊಟ್ಟೆ: "ಧಡ್ ಧಡ್ ಧಡ್ ಧಡ್, ಟಿಸ್." ಹಾಳೆ ತುಂಬ ಅದೇ. ತಾವು ಕನ್ನಡಕ ಏರಿಸಿ ಕೊನೆಯವರೆಗೂ ಓದಿದಿರಿ, ಮೆಚ್ಚಲೇಬೇಕು. ಆಮೇಲೆ "ಪುನರುಕ್ತಿ ವಿಪರೀತವಾಗಿದೆ" ಎಂದು ಷರಾ ಬರೆದು ತಿರಸ್ಕರಿಸಿದಿರಿ. ತಾವು ವಿಮರ್ಶಕರಾಗಿದ್ದರೆ ಎಷ್ಟು ಕಾಗದ ಉಳಿಯುತ್ತಿತ್ತೋ!

ನಾನು ದರ್ಜಿ. ಹೋದ ವರ್ಷ ನನ್ನ ಗಂಡ ತೀರಿಕೊಂಡರು. ಮನೆ ತುಂಬ ಮಾತೋ ಮಾತು. "ಧೈರ್ಯ ತಂದ್ಕೋ." "ನರಳದೆ ಹೋದ್ರು, ಪುಣ್ಯವಂತರು." ಅಂಗಿಯ ಅಳತೆ ಕೊಡಲು ಬಂದವರೂ ಟೇಪಿನೊಳಗೆ ನಿಂತೇ ಸಮಾಧಾನ ಹೇಳಿದರು. ಎಲ್ಲರೂ ಒಳ್ಳೆಯವರೇ. ಆದರೆ ಒಬ್ಬೊಬ್ಬರಿಗೂ "ಹೂಂ, ಪರವಾಗಿಲ್ಲ" ಅಂದು ಅಂದು ನನಗೆ ಅಳುವುದಕ್ಕೇ ಪುರುಸೊತ್ತಾಗಲಿಲ್ಲ.

ಆಗ ಈ ಹುಡುಗಿ ಬಂದು, "ಅತ್ತೆ, ಚಪ್ಪಲಿ ಬೇಡ, ಬೂಟ್ ಹಾಕ್ಕೊಂಡು ಹೊರಡು" ಎಂದಳು. ಮೆಟ್ಟಿಲಿಳಿದರೆ ಒಂದೇ ಒಂದು ಕೆಂಪು ಬಲ್ಬು. ಮೊದಲ ಏಟಿಗೇ ಪಕ್ಕೆಲುಬು ನಡುಗಿತು. "ಇದೇನೇ, ಯಮಲೋಕಕ್ಕೆ ಕರ್ಕೊಂಡ್ ಬಂದ್ಯಾ?" ಎಂದು ಕಿರುಚಿದೆ. ಅವಳಿಗೆ ಕೇಳಿಸಲಿಲ್ಲ. ಗೋಡೆ ಹಿಡಿದು ನಿಂತೆ. ಆ ಸಂಗೀತ ಎಲ್ಲ ಸರಿಹೋಗುತ್ತದೆ ಎನ್ನಲಿಲ್ಲ. ನನ್ನೊಳಗೆ ಎಷ್ಟು ಕಪ್ಪಿತ್ತೋ ಅದೂ ಅಷ್ಟೇ ಕಪ್ಪಾಗಿತ್ತು. ಅದು ನನ್ನನ್ನು ಏನೂ ಕೇಳಲೂ ಇಲ್ಲ. ಕಾಲು ತಾನಾಗಿ ಎದ್ದಿತು. ಕುಣಿಯುತ್ತ ಕುಣಿಯುತ್ತ ಗೊಳೋ ಎಂದು ಅಳತೊಡಗಿದೆ. ಪಕ್ಕದಲ್ಲಿ ಕುಣಿಯುತ್ತಿದ್ದ ಹಲ್ಲಿನ ಡಾಕ್ಟರು ಒಮ್ಮೆ ನೋಡಿ, ಸ್ವಲ್ಪ ಜಾಗ ಬಿಟ್ಟು, ತಮ್ಮ ಪಾಡಿಗೆ ಕುಣಿದರು. ಅಂಥ ಮರ್ಯಾದೆ ನನಗೆ ಅಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ. ಅಂದು ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದೆ.

ಈಗ ಎದುರುಮನೆಯ ಬಸ್ ಡ್ರೈವರ್ ಅಣ್ಣ ಹೆಂಡತಿಯನ್ನು ಕಳೆದುಕೊಂಡಿದ್ದಾರೆ. ಬಾಗಿಲು ತಟ್ಟಿದರೆ ತೆಗೆಯುವುದಿಲ್ಲ. ಕಿಟಕಿಯ ಹೊರಗೆ ನಿಂತು ನೆಲಮಾಳಿಗೆಯ ವಿಷಯ ಹೇಳಿದೆ. ಒಳಗಿಂದ ದನಿ ಬಂತು: "ಅಲ್ಲಿ ಯಾರೂ ಮಾತಾಡ್ಸಲ್ಲ ತಾನೆ?"

"ಮಾತಾಡ್ಸಿದ್ರೂ ಕೇಳ್ಸಲ್ಲ, ಬನ್ನಿ ಅಣ್ಣ."

ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಹೋಗಿ ನೋಡಿದರೆ ತಮ್ಮ ಬೀಗ. ಅದನ್ನೊಮ್ಮೆ ಎಳೆದು ನೋಡಿ, "ಇರ್ಲಿ ಬಿಡಮ್ಮ" ಎಂದು ಹಿಂದಿರುಗಿದರು. ಅಂದಿನಿಂದ ಕಿಟಕಿಯನ್ನೂ ಮುಚ್ಚಿದ್ದಾರೆ.

ಮಾನ್ಯರೇ, ತಾವು ಈ ಸಂಗೀತವನ್ನು ಮೆಚ್ಚಬೇಕಿಲ್ಲ, ಅರ್ಥ ಮಾಡಿಕೊಳ್ಳಬೇಕಿಲ್ಲ, ಅದರ ಹತ್ತಿರವೂ ಸುಳಿಯಬೇಕಿಲ್ಲ. ಬರುವ ಭಾನುವಾರದೊಳಗೆ ಬೀಗ ತೆಗೆಸಿ, ಸಾಕು. ಅದು ತಮ್ಮ ಕೆಲಸ. ಆ ಕಿಟಕಿ ತಟ್ಟುವುದು ನನ್ನ ಕೆಲಸ.

ಇಂತಿ,
ಮಂಡಿಗೆ ಮುಲಾಮು ತಿಕ್ಕಿಕೊಂಡು ಸುಮ್ಮನೆ ಕೂತಿರುವ
ಒಬ್ಬ ದರ್ಜಿ