ಅಳಿಯ ಹೇಳುವ ಗೆಲುವು

ಅದಲ್ಲ ವಿಮಲಾ, ಅಳಿಯ ಧರಣೇಂದ್ರ ಸುಳ್ಳು ಹೇಳುವವನಲ್ಲ ಎಂದು ನಿನ್ನೆ ಇದೇ ಪುಸ್ತಕದಲ್ಲಿ ಬರೆದಿದ್ದೆನಲ್ಲ, ಇವತ್ತು ಅದು ಖಾತ್ರಿಯಾಯಿತು. ನನಗೆ ಭಯವಾದದ್ದೂ ಅದಕ್ಕೇ. ಅವನು ಮೊಬೈಲಿನ ಪೋಕರ್ ಜೂಜು ಬಿಡುವವರೆಗೂ ಹೋಗುವುದಿಲ್ಲ ಎಂದು ನಮ್ಮ ನಿಶಾ ಇಲ್ಲಿ ಬಂದು ಕೂತಿದ್ದಳು. ಮಧ್ಯಾಹ್ನ ಅವಳನ್ನು ಕರೆದೊಯ್ಯಲು ಅವನು ಪುಲ್ಪಳ್ಳಿಯ ಮನೆಯಿಂದ ಬಂದ.

“ಈ ವರ್ಷ ಲಾಭದಲ್ಲೇ ಇದೀನಿ ಮಾವ.”

“ಸೋತದ್ದನ್ನ ಲೆಕ್ಕದಲ್ಲಿ ಕಳೆದ್ಯಾ?”

“ಅದು ಕಲಿಯೋಕೆ ಹೋದದ್ದು. ಫೀಸು ಅಂದ್ಕೊಳ್ಳಿ. ಅದನ್ನ ಯಾರು ಸೇರಿಸ್ತಾರೆ?”

“ನನ್ನ ಕಿವಿ ಓಲೆನೂ ಫೀಸಿಗೇ ಹೋಯ್ತು ಬಿಡಿ,” ಎಂದಳು ನಿಶಾ ಒಳಗಿನಿಂದ.

ಅವನ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಸೆಲ್ಫ್ ಡಿಸೆಪ್ಷನ್, ಆತ್ಮವಂಚನೆ ಎಂದೇನೋ ಕಾಲೇಜಿನಲ್ಲಿ ಓದಿದ್ದೆ, ಪೂರ್ತಿ ನೆನಪಿಲ್ಲ. ತೋಟದ ಕಾಳುಮೆಣಸು ಎಷ್ಟಾಯಿತೆಂದು ಯಾರಾದರೂ ಕೇಳಿದರೆ, ದೃಷ್ಟಿಯಾದೀತೆಂದು ನೀನು ಅರ್ಧವೇ ಹೇಳುತ್ತಿದ್ದೆ. ಆದರೆ ಒಳಗೆ ಬಂದು ನನಗೆ ನಿಜ ಹೇಳುತ್ತಿದ್ದೆ. ಇವನು ತನ್ನೊಳಗೂ ಆ ಲಾಭವನ್ನೇ ಹೇಳಿಕೊಳ್ಳುತ್ತಾನೆ.

“ಹೋಗ್ಲಾ ಅಪ್ಪಾ?” ಎಂದು ನಿಶಾ ಕೇಳಿದಳು. ನೀನು ಬದುಕಿದ್ದರೆ ಬೇಡ ಎನ್ನುತ್ತಿದ್ದೆ. ನಾನು ಅಂಗಳ ನೋಡುತ್ತ ಕೂತೆ. ಅವಳು ಸ್ವಲ್ಪ ಹೊತ್ತು ಕಾದು, ಚೀಲ ಹಿಡಿದು ಅವನ ಹಿಂದೆ ಹೊರಟಳು.

ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ಕತ್ತಲಾದ ಮೇಲೆ ಉಣ್ಣುವವರಲ್ಲ ನಾವು ಜೈನರು. ಅವಳು ತನಗೂ ನನಗೂ ಎಂದು ಮಾಡಿಟ್ಟ ಅನ್ನ ಹಾಗೇ ಇದೆ.